ಜಿಪುಣಿ ಕೊಟ್ಟ ಹದಿನಾರು ಕುದುರೆಗಳು

ಬಿಸಿನೀರಪ್ಪನಿಗೆ ಕಾರಿನ ವಿಷಯದಲ್ಲಿ ಎರಡೇ ವಿದ್ಯೆ ಗೊತ್ತಿದ್ದವು. ಒಂದು, ಬಾಗಿಲು ತೆಗೆದು ಹತ್ತುವುದು. ಇನ್ನೊಂದು, ಬಾಗಿಲು ತೆಗೆದು ಇಳಿಯುವುದು. ಎರಡನೆಯದರಲ್ಲಿ ಆಗಾಗ ತಪ್ಪುತ್ತಿದ್ದ. ತಾನು ಇಳಿದು ಕೊಡೆಯನ್ನೋ ಕನ್ನಡಕವನ್ನೋ ಸೀಟಿನ ಮೇಲೇ ಬಿಟ್ಟುಬರುತ್ತಿದ್ದ. ಇಂಥವನು ಊರಿನ ಕಾರಿನ ಹುಚ್ಚರನ್ನೆಲ್ಲ ಹತ್ತು ದಿನ ನಿದ್ದೆಗೆಡಿಸಿದ, ಒಂದು ಯಂತ್ರದ ಮಾನ ಕಳೆದ, ಕಳೆದ ಮಾನವನ್ನು ತಾನೇ ಹುಡುಕಿಯೂ ಕೊಟ್ಟ ಎಂದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಇದನ್ನು ಮೊದಲಿನಿಂದಲೇ ಹೇಳಬೇಕಾಗಿದೆ.

ಅವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಗಾಜು ಕತ್ತರಿಸುವುದರಲ್ಲಿ, ಮೂಲೆಗಳನ್ನು ಕೂದಲೆಳೆ ಸಂದೂ ಬಿಡದೆ ಕೂಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಂಗಡಿಯ ಮೆಟ್ಟಿಲಿಳಿದ ಕೂಡಲೇ ಮಾತ್ರ ಆ ಕೈ ಬೇರೆ ಯಾರದೋ ಆಗಿಬಿಡುತ್ತಿತ್ತು. ಗಂಡನ ಗಂಟಲಿಗೆ ತಂಪು ಆಗದು ಎಂದು ಹೆಂಡತಿ ದಿನವೂ ದೊಡ್ಡದೊಂದು ಫ್ಲಾಸ್ಕಿನ ತುಂಬ ಕುದಿಯುವ ನೀರು ಹುಯ್ದು ಹೆಗಲಿಗೆ ತೂಗುಹಾಕಿ ಕಳಿಸುತ್ತಿದ್ದಳು. ಕುದಿಯುವುದನ್ನು ಹಾಗೇ ಕುಡಿಯಲಾಗುತ್ತದೆಯೇ? ಕೊಂಚ ಆರಲಿ ಎಂದು ಇವನು ಮುಚ್ಚಳ ತೆಗೆದಿಡುತ್ತಿದ್ದ. ಆಮೇಲೆ ಮರೆಯುತ್ತಿದ್ದ. ಸಂಜೆ ತಣ್ಣೀರು ಹೊತ್ತು ಮನೆಗೆ ಬಂದು ಬೈಸಿಕೊಳ್ಳುತ್ತಿದ್ದ. ಬಿಸಿನೀರಪ್ಪ ಎಂಬ ಹೆಸರು ಬೀದಿಯವರು ಕೊಟ್ಟದ್ದು. ಅವನ ಸ್ವಂತ ಹೆಸರು ಹೆಂಡತಿಗೂ ಅರ್ಜಿ ತುಂಬುವಾಗಷ್ಟೇ ನೆನಪಾಗುತ್ತಿತ್ತು.

ಹೆಂಡತಿಯ ತಮ್ಮ, ಅಂದರೆ ಬಾಮೈದ, ಹಾಸಿಗೆ ಅಂಗಡಿಯವನು. ಜನರನ್ನು ಮಲಗಿಸಿ ಬದುಕುವ ಈ ಮನುಷ್ಯ ಬೀದಿಯನ್ನೆಲ್ಲ ಎಬ್ಬಿಸುವ ಕಾರೊಂದನ್ನು ಇಟ್ಟುಕೊಂಡಿದ್ದ. ಹುಟ್ಟುವಾಗ ಅದು ತಾಯಿ ತರಕಾರಿ ತರಲು ಹೋಗುತ್ತಿದ್ದ ಸಾಧು ಕಾರು. ಇವನು ಅದರ ಎಂಜಿನ್ನಿಗೆ ಟರ್ಬೊ ಕೂರಿಸಿದ. ಟರ್ಬೊ ಎಂದರೆ ಎಂಜಿನ್ನಿನ ಬಾಯಿಗೆ ಗಾಳಿ ತುರುಕುವ, ಬಸವನಹುಳುವಿನ ಆಕಾರದ ಒಂದು ಡಬ್ಬಿ. ಹಿಂದುಗಡೆ ಬಕೆಟ್ಟಿನಷ್ಟು ಬಾಯಿಯ ಸೈಲೆನ್ಸರ್ ಹಾಕಿಸಿದ. ಇಷ್ಟಾದ ಮೇಲೆ ಇನ್ನೂರು ಅಶ್ವಶಕ್ತಿ ಇದೆ ಎಂದು ಸಾರಿಕೊಂಡು ಬಂದ. ಸಾರುವುದೇನೋ ಸುಲಭ. ಆದರೆ ಆ ಊರಿನಲ್ಲಿ ರೋಲರ್ ಅಕ್ಕ ಇದ್ದರು.

ಕಾರಿನ ಬಲ ಅಳೆಯುವ ಡೈನೋ ಯಂತ್ರಗಳು ಅಕ್ಕನ ಶೆಡ್ಡಲ್ಲದೆ ಇನ್ನೂ ಎರಡು ಕಡೆ ಇದ್ದವು. ಅಲ್ಲಿ ಗಿರಾಕಿಯ ಮುಖ ನೋಡಿ ಅಂಕಿ ಬರುತ್ತಿತ್ತು ಎಂದು ಜನ ಆಡಿಕೊಳ್ಳುತ್ತಿದ್ದರು. ಅಕ್ಕನ ಶೆಡ್ಡಿನ ಹಳೆಯ ಯಂತ್ರಕ್ಕೆ ಮುಖ ನೋಡುವ ಅಭ್ಯಾಸವಿರಲಿಲ್ಲ. ಬೇರೆಡೆ ಇನ್ನೂರಿಪ್ಪತ್ತು ಬಂದ ಕಾರಿಗೆ ಇಲ್ಲಿ ನೂರ ತೊಂಬತ್ತು ಬರುತ್ತಿತ್ತು. ಅದಕ್ಕೇ ಯಂತ್ರವನ್ನು ಎಲ್ಲರೂ ಜಿಪುಣಿ ಎನ್ನುತ್ತಿದ್ದರು. ಬೈಯುತ್ತಲೇ ಅಲ್ಲಿಗೇ ಬರುತ್ತಿದ್ದರು. ಜಿಪುಣಿಯ ಚೀಟಿಯಲ್ಲಿ ಇನ್ನೂರು ತೋರಿಸಿದವರಿಗೆ ಮಾತ್ರ 'ಇನ್ನೂರರ ಬಳಗ'ಕ್ಕೆ ಪ್ರವೇಶ. ಹನ್ನೊಂದು ವರ್ಷದಲ್ಲಿ ಬಳಗ ಸೇರಿದವರು ಒಂಬತ್ತು ಜನ. ಕಾರ್ಯದರ್ಶಿಯಾಗಿದ್ದ ಹಲ್ಲಿನ ಡಾಕ್ಟರು ಹತ್ತನೆಯ ಕುರ್ಚಿಯನ್ನು ಒರೆಸಿ ಒರೆಸಿ ಇಡುತ್ತಿದ್ದರು.

ಆ ಬೆಳಿಗ್ಗೆ ವಿಪರೀತ ಚಳಿ. ಅಕ್ಕ ಎರಡು ಸ್ವೆಟರ್ ಹಾಕಿಕೊಂಡಿದ್ದರು. ಸಾಕ್ಷಿಗಿರಲಿ ಎಂದು ಬಾಮೈದ ಭಾವನನ್ನೂ ಕರೆತಂದಿದ್ದ. ನೆಲದ ತಗ್ಗಿನಲ್ಲಿ ಎರಡು ಭಾರಿ ಉಕ್ಕಿನ ಉರುಳೆಗಳು. ಕಾರಿನ ಮುಂದಿನ ಚಕ್ರಗಳನ್ನು ಅವುಗಳ ಮೇಲೆ ನಿಲ್ಲಿಸಿ, ಕಾರು ಹಾರಿಹೋಗದಂತೆ ನಾಲ್ಕೂ ಕಡೆ ಪಟ್ಟಿ ಬಿಗಿದು, ಎದುರಿಗೆ ಆಳೆತ್ತರದ ಫ್ಯಾನು ಹಚ್ಚಿದರು. ಅಕ್ಕ ಒಳಗೆ ಕೂತು ನಾಲ್ಕನೆಯ ಗೇರಿನಲ್ಲಿ ಎಕ್ಸಿಲರೇಟರ್ ಒತ್ತಿದರೆ ಚಕ್ರಗಳು ಗಂಟೆಗೆ ನೂರೈವತ್ತು ಕಿಲೋಮೀಟರ್ ಓಡುತ್ತವೆ, ಕಾರು ಮಾತ್ರ ಇದ್ದಲ್ಲೇ ಇರುತ್ತದೆ. ಇದನ್ನು ಮೊದಲ ಸಲ ನೋಡಿದ ಬಿಸಿನೀರಪ್ಪ ಬೆರಗಾಗಿಹೋದ. ಎಲ್ಲಿಗೂ ಹೋಗದೆ ಇಷ್ಟು ವೇಗವಾಗಿ ಹೋಗುವುದು ತನ್ನೊಬ್ಬನಿಗೇ ಸಾಧ್ಯ ಎಂದು ಅವನು ಅಲ್ಲಿಯವರೆಗೆ ತಿಳಿದಿದ್ದ.

ಫ್ಯಾನಿನ ಗಾಳಿ ಗಂಟಲಿಗೆ ತಾಗಬಾರದೆಂದು ಅವನು ಒಂದು ಕಂಬದ ಮರೆಗೆ ಸರಿದ. ಕಂಬಕ್ಕೆ ಬೂದು ಬಣ್ಣದ ಪುಟ್ಟ ಡಬ್ಬಿಯೊಂದನ್ನು ಬಡಿದಿದ್ದರು. ಅದರ ಕೆಳಗೆ ಹೇಳಿ ಮಾಡಿಸಿದ ಹಾಗೆ ಒಂದು ಕೊಕ್ಕೆ. ಬಿಸಿನೀರಪ್ಪ ಫ್ಲಾಸ್ಕನ್ನು ಕೊಕ್ಕೆಗೆ ತಗುಲಿಸಿ, ಆರಲಿ ಎಂದು ಮುಚ್ಚಳ ತೆಗೆದ. ಮರೆತ.

ಆ ಡಬ್ಬಿಯೇ ಜಿಪುಣಿಯ ಮೂಗು. ಸೆಕೆಯ ದಿನ ಗಾಳಿ ತೆಳ್ಳಗಿರುತ್ತದೆ, ಎಂಜಿನ್ನಿಗೆ ಉಸಿರು ಸಾಲುವುದಿಲ್ಲ, ಬಲ ಕಡಿಮೆಯಾಗುತ್ತದೆ. ಚಳಿಯ ದಿನ ಬಂದವನಿಗೆ ಲಾಭ, ಸೆಕೆಯ ದಿನ ಬಂದವನಿಗೆ ನಷ್ಟ ಆಗಬಾರದಲ್ಲ? ಅದಕ್ಕೇ ಯಂತ್ರ ಗಾಳಿಯ ಬಿಸಿಯನ್ನೂ ತೇವವನ್ನೂ ಮೂಸಿ ನೋಡಿ, ಸೆಕೆಯಿದ್ದರೆ ನಾಲ್ಕು ಕುದುರೆ ಸೇರಿಸಿ, ಚಳಿಯಿದ್ದರೆ ನಾಲ್ಕು ಕಳೆದು ನ್ಯಾಯ ಹೇಳುತ್ತದೆ. ಈಗ ಅದರ ಮೂಗಿನ ಕೆಳಗೆ ಫ್ಲಾಸ್ಕು ಹಬೆಯಾಡುತ್ತಿತ್ತು. ಲೋಕಕ್ಕೇ ಬೆಂಕಿ ಬಿದ್ದಿದೆ ಎಂದು ತಿಳಿದ ಜಿಪುಣಿ, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಕೈ ಬಿಚ್ಚಿ ದಾನ ಮಾಡಿತು.

ಇನ್ನೂರ ಮೂರು.

ಅಕ್ಕ ಹುಬ್ಬು ಗಂಟಿಕ್ಕಿ ಮತ್ತೆ ಓಡಿಸಿದರು. ಇನ್ನೂರ ಮೂರು. ಮೂರನೆಯ ಸಲ ಇನ್ನೂರ ಎರಡು. ನೀರು ಆರುತ್ತಿತ್ತು ನೋಡಿ. ಆ ಹಳೆಯ ಯಂತ್ರ ಚೀಟಿ ಅಚ್ಚು ಹಾಕಿದ ಮೇಲೆ ಎಲ್ಲವನ್ನೂ ಮರೆತುಬಿಡುವಂಥದು. ಮೂರರಲ್ಲಿ ದೊಡ್ಡ ಅಂಕಿ ಹೊತ್ತ ಒಂದೇ ಚೀಟಿಯನ್ನು ಅಕ್ಕ ಪೂರ್ತಿ ಓದುವ ಮೊದಲೇ ಬಾಮೈದ ಕಿತ್ತುಕೊಂಡು ಮುತ್ತಿಟ್ಟ. ಪಟ್ಟಿ ಬಿಚ್ಚುವಷ್ಟು ಹೊತ್ತೂ ಅವನು ನೆಲದ ಮೇಲಿರಲಿಲ್ಲ. ಬಿಸಿನೀರಪ್ಪ ಫ್ಲಾಸ್ಕಿನ ಮುಚ್ಚಳ ಹಾಕಿ, ಹೆಗಲಿಗೇರಿಸಿ, ಅವನ ಹಿಂದೆ ನಡೆದ.

ಚೀಟಿಗೆ ಕಟ್ಟು ಹಾಕುವ ಕೆಲಸ ಭಾವನ ಪಾಲಿಗೆ ಬಂತು. ಏರುವ ಗೆರೆಯ ಚಿತ್ರ ಅವನಿಗೂ ಇಷ್ಟವಾಯಿತು. ಆದರೆ ಅಡಿಯಲ್ಲಿ ಇರುವೆ ಸಾಲಿನಂಥ ಸಣ್ಣಕ್ಷರದ ಸಾಲೊಂದಿತ್ತು, ಅದರಿಂದ ಕೆಳಗಿನ ಅಂಚು ಮೇಲಿನದಕ್ಕೆ ಸಮನಾಗುತ್ತಿರಲಿಲ್ಲ. ಅಂಚು ಸಮನಾಗಿರದ ಕಟ್ಟು ತನ್ನ ಅಂಗಡಿಯಿಂದ ಹೊರಗೆ ಹೋಗಬಾರದು ಎಂಬುದು ಬಿಸಿನೀರಪ್ಪನ ವ್ರತ. ಒಂದು ಬೆರಳಗಲದ ಪಟ್ಟಿಯನ್ನು ನೀಟಾಗಿ ಕತ್ತರಿಸಿ ತೆಗೆದ. ಕತ್ತರಿಸಿದ ಕಾಗದವನ್ನು ಬಿಸಾಡುವವನೂ ಅಲ್ಲ. ಹಿಂದುಗಡೆ ಯಾರದೋ ಫೋಟೋದ ಅಳತೆ ಬರೆದುಕೊಂಡು ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡ.

ಮುಂದಿನ ಮೂರು ದಿನ ಬಾಮೈದನ ಕಾಲ. ಹಾಸಿಗೆ ಅಂಗಡಿಯ ಗೋಡೆಯಲ್ಲಿ ಚೀಟಿ ರಾರಾಜಿಸಿತು. ಅತ್ತೆ, ಅಂದರೆ ಬಾಮೈದನ ತಾಯಿ, ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತ, ತಾನು ಇಷ್ಟು ದಿನ ಸಣ್ಣದಾಗಿ ಒತ್ತುತ್ತಿದ್ದದ್ದು ಒಳ್ಳೆಯದೇ ಆಯಿತು, ಜೋರಾಗಿ ಒತ್ತಿದ್ದರೆ ಎಲ್ಲಿ ಹೋಗಿ ಬೀಳುತ್ತಿದ್ದೆನೋ ಎಂದು ನಡುಗಿ ತೋರಿಸಿದರು. ಪಕ್ಕದ ಮನೆಯವರು ಮಗುವನ್ನು ಬಾನೆಟ್ಟಿನ ಮೇಲೆ ಕೂರಿಸಿ ಫೋಟೋ ತೆಗೆಸಿದರು. ಹಲ್ಲಿನ ಡಾಕ್ಟರು ಹತ್ತನೆಯ ಕುರ್ಚಿಗೆ ಹೊಸ ಬಟ್ಟೆ ಹೊದಿಸಿ, ಭಾನುವಾರ ಮಧ್ಯಾಹ್ನ ಸೇರ್ಪಡೆ ಎಂದು ಎಲ್ಲರಿಗೂ ತಿಳಿಸಿದರು.

ನಾಲ್ಕನೆಯ ದಿನ ಬೇಕರಿಯವನು ಬಾಯಿ ತೆರೆದ. ಅವನ ಕಾರಿಗೆ ಜಿಪುಣಿ ಮೂರು ವರ್ಷದಿಂದ ನೂರ ತೊಂಬತ್ತೆಂಟನ್ನೇ ಕೊಡುತ್ತ ಬಂದಿತ್ತು. ಪಿಸ್ಟನ್ ಬದಲಿಸಿದ, ಸೀಟು ಕಿತ್ತ, ತಾನೇ ಐದು ಕಿಲೋ ಇಳಿದ, ಎರಡು ಕುದುರೆ ಬರಲಿಲ್ಲ. ಹಾಸಿಗೆಯವನಿಗೆ ಒಂದೇ ಬೆಳಿಗ್ಗೆ ಇನ್ನೂರ ಮೂರು ಬಂದದ್ದು ಹೇಗೆ? ಅಕ್ಕನ ಮನೆಯಲ್ಲಿ ಹೊಸ ಹಾಸಿಗೆ ಇದೆಯಂತಲ್ಲ, ಯಾರ ಅಂಗಡಿಯದು ಅದು? ಅಕ್ಕ ಅದನ್ನು ಹೋದ ವರ್ಷವೇ ಎಲ್ಲರಂತೆ ಕೊಂಡದ್ದು. ಆದರೆ ಮಾತು ಬೇಕರಿಯಿಂದ ಹೊರಟದ್ದಲ್ಲವೇ, ಬ್ರೆಡ್ಡಿನ ಜೊತೆ ಮನೆಮನೆಗೂ ತಲುಪಿತು. ಸಂಜೆಯ ಹೊತ್ತಿಗೆ ಹಾಸಿಗೆಗೆ ಎರಡು ದಿಂಬೂ ಸೇರಿದ್ದವು.

ಬೇರೆ ಯಾರಾದರೂ ಆಗಿದ್ದರೆ ಜಗಳ ಕಾಯುತ್ತಿದ್ದರು. ಅಕ್ಕ ಷಟರ್ ಎಳೆದು ಒಂದು ಹಾಳೆ ಅಂಟಿಸಿದರು. 'ಯಂತ್ರದ ಮಾತಿನ ಮೇಲೆ ಅನುಮಾನ ಬಂದಿದೆ. ಕಾರಣ ಸಿಗುವವರೆಗೆ ಅಳತೆ ಇಲ್ಲ. ಹಿಂದೆ ಕೊಟ್ಟ ಚೀಟಿಗಳನ್ನೂ ನಂಬಬೇಡಿ.' ಹಿಂದೆ ಕೊಟ್ಟ ಚೀಟಿಗಳೆಂದರೆ ಹನ್ನೊಂದು ವರ್ಷದವು. ಅಷ್ಟಕ್ಕೇ ಬಿಡದೆ ಹಳೆಯ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಅದನ್ನೇ ಹೇಳಿದರು. ಆಮೇಲೆ ಉರುಳೆಗಳನ್ನು ಕಳಚಿ, ಒಂದೊಂದು ತಂತಿಯನ್ನೂ ಬಿಡಿಸಿ ನೋಡುತ್ತ ಕೂತರು. ಏನೂ ಸಿಗಲಿಲ್ಲ. ಭಾನುವಾರದೊಳಗೆ ಕಾರಣ ಸಿಗದಿದ್ದರೆ ಜಿಪುಣಿಯನ್ನು ಗುಜರಿಗೆ ಹಾಕಿ, ನನ್ನ ತಮ್ಮನ ಕಬ್ಬಿಣದ ಅಂಗಡಿಯಲ್ಲಿ ಮೊಳೆ ತೂಗುತ್ತೇನೆ, ಅಲ್ಲಿ ತಕ್ಕಡಿಯಾದರೂ ನಿಜ ಹೇಳುತ್ತದೆ ಎಂದರಂತೆ. ಇದನ್ನು ಕೇಳಿದ ಬೇಕರಿಯವನ ಮುಖವೇ ಸಪ್ಪಗಾಯಿತು. ಜಿಪುಣಿ ಹೋದರೆ ಅವನ ನೂರ ತೊಂಬತ್ತೆಂಟಕ್ಕೂ ಬೆಲೆಯಿಲ್ಲ.

ಭಾನುವಾರ ಬೆಳಿಗ್ಗೆ ಅಕ್ಕ ಕೊನೆಯ ಉಪಾಯವಾಗಿ ಯಂತ್ರವನ್ನು ಮತ್ತೆ ಜೋಡಿಸಿ, ಅಳತೆಯ ದಿನ ಇದ್ದವರನ್ನೆಲ್ಲ ಕರೆಸಿ, ಅಂದು ನಿಂತಲ್ಲೇ ನಿಲ್ಲಿಸಿದರು. ಮಧ್ಯಾಹ್ನದ ಸೇರ್ಪಡೆಗೆಂದು ಹೊರಟಿದ್ದ ಅತ್ತೆ, ಹೆಂಡತಿ, ಬಳಗದವರು ಎಲ್ಲರೂ ಬಂದರು. ಕೇಕು ತಂದ ನೆಪದಲ್ಲಿ ಬೇಕರಿಯವನೂ ಬಂದ. ಅದೇ ಕಾರು, ಅದೇ ಗೇರು, ಅದೇ ಎರಡು ಸ್ವೆಟರ್. ಬಿಸಿನೀರಪ್ಪ ಅದೇ ಕಂಬದ ಮರೆಯಲ್ಲಿ. ಫ್ಲಾಸ್ಕು ಮಾತ್ರ ಇಂದು ಹೆಂಡತಿಯ ತೊಡೆಯ ಮೇಲಿತ್ತು, ಮುಚ್ಚಳ ಬಿಗಿಯಾಗಿತ್ತು.

ನೂರ ಎಂಬತ್ತೇಳು.

ಮತ್ತೆ ಓಡಿಸಿದರು. ನೂರ ಎಂಬತ್ತೇಳು. ಬಾಮೈದ, ಕಾರು ಜನ ನೋಡಿ ನಾಚಿಕೊಂಡಿದೆ ಎಂದ. ಅತ್ತೆ, ಮಗ ಅಂದು ತಿಂಡಿ ತಿಂದಿರಲಿಲ್ಲ, ಹಗುರವಾಗಿದ್ದ ಎಂದರು. ಓಡಿಸಿದವರು ಅಕ್ಕ, ಅವನು ಹೊರಗೆ ನಿಂತಿದ್ದ ಎಂದು ಡಾಕ್ಟರು ನೆನಪಿಸಿದಾಗ, ಹೊರಗೇ ಆದರೂ ಹಗುರವಾಗಿದ್ದ ಎಂದು ಪಟ್ಟು ಬಿಡಲಿಲ್ಲ. ಅಕ್ಕ, ಆ ಚೀಟಿ ತರಿಸಿ ಎಂದರು. ಹಾಸಿಗೆ ಅಂಗಡಿಯ ಗೋಡೆಯಿಂದ ಕಟ್ಟು ಇಳಿದು ಬಂತು. ಅದನ್ನು ಕೈಗೆತ್ತಿಕೊಂಡ ಅಕ್ಕನ ಕಣ್ಣು ಸೀದಾ ಅಡಿಗೆ ಹೋಯಿತು.

"ಕೆಳಗಿನ ಸಾಲು ಎಲ್ಲಿ?"

ತನ್ನ ಕಸುಬಿನ ಮಾತು ಬಂತೆಂದು ಬಿಸಿನೀರಪ್ಪ ಉತ್ಸಾಹದಿಂದ ಮುಂದೆ ಬಂದ. ಅಂಚು ಸಮನಾಗದಿದ್ದರೆ ಕಣ್ಣಿಗೆ ಹೇಗೆ ಚುಚ್ಚುತ್ತದೆ, ಎಷ್ಟು ಹುಷಾರಾಗಿ ಕತ್ತರಿಸಬೇಕಾಯಿತು ಎಂದು ವಿವರಿಸಿದ. ಅವನಷ್ಟು ಚೆನ್ನಾಗಿ ಒಂದು ಸಾಕ್ಷ್ಯವನ್ನು ನಾಶ ಮಾಡಿ, ಅಷ್ಟೇ ಹೆಮ್ಮೆಯಿಂದ ಹೇಳಿಕೊಂಡವರು ಇನ್ನೊಬ್ಬರಿರಲಾರರು. ಆದರೆ ಪಟ್ಟಿ ಎಲ್ಲಿ ಎಂದು ಕೇಳಿದ್ದಕ್ಕೆ ಕನ್ನಡಕದ ಡಬ್ಬಿ ತೆಗೆದು, ಹಿಂದೆ ಒಂದು ಅಳತೆ ಇದೆ, ಅದು ಬೇಕು, ವಾಪಸ್ಸು ಕೊಡಿ ಎನ್ನುತ್ತ ಕೊಟ್ಟ.

ಅಕ್ಕ ಓದಿದರು. ಗಾಳಿಯ ಬಿಸಿ ಅರವತ್ತೊಂದು ಡಿಗ್ರಿ.

ಅಕ್ಕ ತಮ್ಮ ಎರಡು ಸ್ವೆಟರ್ ನೋಡಿಕೊಂಡರು, ಕಂಬದ ಡಬ್ಬಿ ನೋಡಿದರು, ಡಬ್ಬಿಯ ಕೆಳಗಿನ ಖಾಲಿ ಕೊಕ್ಕೆ ನೋಡಿದರು. ಬಿಸಿನೀರಪ್ಪನೂ ಕೊಕ್ಕೆ ನೋಡಿದ. ಅಲ್ಲಿಂದ ಅವನ ಕಣ್ಣು ಹೆಂಡತಿಯ ತೊಡೆಯ ಮೇಲಿನ ಫ್ಲಾಸ್ಕಿಗೆ ಹೋಯಿತು. ಬಾಮೈದನಿಗೂ ಅದೇ ಹೊತ್ತಿಗೆ ಹೊಳೆಯಿತು. ಅವನು ಭಾವನಿಗೆ ಕಣ್ಣು ಬಿಟ್ಟ, ಕಣ್ಣು ಮಿಟುಕಿಸಿದ, ಕೊನೆಗೆ ಕೈಮುಗಿಯುವ ಹಾಗೆ ನೋಡಿದ. ಸುಮ್ಮನಿದ್ದರೆ ಸಾಕು, ಡಬ್ಬಿ ಕೆಟ್ಟಿತ್ತು ಎಂದು ಮಾತು ಮುಗಿಯುತ್ತದೆ, ಜಿಪುಣಿ ಗುಜರಿಗೆ ಹೋಗುತ್ತದೆ, ಇನ್ನೂರ ಮೂರನ್ನು ಇಲ್ಲ ಎನ್ನುವವರು ಯಾರೂ ಉಳಿಯುವುದಿಲ್ಲ. ಮನೆಯ ಊಟ, ಅತ್ತೆಯ ಮುಖ, ಹೆಂಡತಿಯ ತಮ್ಮ, ಎಲ್ಲ ಒಂದು ಕಡೆ. ಇನ್ನೊಂದು ಕಡೆ, ಐದು ದಿನದಿಂದ ನಿದ್ದೆಯಿಲ್ಲದೆ ತಂತಿ ಬಿಡಿಸಿದ ಹೆಂಗಸು. ನಮ್ಮ ಬಿಸಿನೀರಪ್ಪ ಬಹಳ ಯೋಚಿಸುವವನಲ್ಲ. ಒಳ್ಳೆಯದೇ ಆಯಿತು.

"ಅಕ್ಕ, ಅವತ್ತು ಆ ಕೊಕ್ಕೇಲಿ ನನ್ನ ಫ್ಲಾಸ್ಕಿತ್ತು. ಮುಚ್ಚಳ ತೆಗ್ದಿಟ್ಟು ಮರ್ತಿದ್ದೆ. ನಿಮ್ಮ ಯಂತ್ರದ್ದು ತಪ್ಪಿಲ್ಲ."

ಫ್ಲಾಸ್ಕಿನ ನೀರಿಗೆ ಹದಿನಾರು ಕುದುರೆ ಹುಟ್ಟಿಸುವ ಶಕ್ತಿ ಇದ್ದರೆ ತಾನು ಹಲ್ಲು ಕೀಳುವುದನ್ನು ಬಿಟ್ಟು ನೀರು ಕಾಯಿಸುತ್ತೇನೆ ಎಂದರು ಡಾಕ್ಟರು. ಅಕ್ಕ ನಗಲಿಲ್ಲ. ಫ್ಲಾಸ್ಕಿಗಾಗಿ ಕೈ ಚಾಚಿದರು. ಹೆಂಡತಿ ಒಮ್ಮೆ ತಮ್ಮನ ಮುಖ, ಒಮ್ಮೆ ಗಂಡನ ಮುಖ ನೋಡಿದಳು. ಆಮೇಲೆ ತಾನೇ ಎದ್ದು ಹೋಗಿ ಫ್ಲಾಸ್ಕನ್ನು ಕೊಕ್ಕೆಗೆ ಹಾಕಿ, ತಾನೇ ಮುಚ್ಚಳ ತೆಗೆದಳು. ಹಬೆ ಎದ್ದಿತು. ಕಾರು ಅಬ್ಬರಿಸಿತು.

ಇನ್ನೂರ ಮೂರು.

ಅಕ್ಕ ಕಾರಿನಿಂದಿಳಿದು ನೆಲದ ಮೇಲೇ ಕೂತು ನಕ್ಕರು. ಹನ್ನೊಂದು ವರ್ಷದಲ್ಲಿ ಆಕೆ ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಬಿಸಿನೀರಪ್ಪ ಹೆದರಿ, ಹೊಡೆತ ಬೀಳುವುದಾದರೆ ಬೆನ್ನಿಗೇ ಬೀಳಲಿ ಎಂದು ಅರ್ಧ ತಿರುಗಿ ನಿಂತ.

"ತಪ್ಪು ನಿಮ್ಮದಲ್ಲ ಅಣ್ಣ," ಎಂದರು ಅಕ್ಕ ಕಣ್ಣೊರೆಸಿಕೊಳ್ಳುತ್ತ. "ಯಾರು ಬೇಕಾದ್ರೂ ಫ್ಲಾಸ್ಕು ಹಾಕೋ ಜಾಗದಲ್ಲಿ ಅದನ್ನ ಇಟ್ಟೋಳು ನಾನು. ಕೆಳಗಿನ ಸಾಲು ಓದ್ದೆ ಚೀಟಿ ಬಿಟ್ಟೋಳೂ ನಾನೇ."

ಎದ್ದು ಹೋಗಿ ಮೊದಲು ಕೊಕ್ಕೆ ಕಿತ್ತರು. ಆಮೇಲೆ ಷಟರಿನ ಹಾಳೆ ಹರಿದರು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಹಾಸಿಗೆಯ ಕತೆ ಹಬ್ಬಿಸಿದ ಬೇಕರಿಯವನು ಕೇಕಿನ ಡಬ್ಬಿಯ ಹಿಂದೆ ಮುಖ ಮರೆಸಿಕೊಂಡು ಅಕ್ಕನ ಹತ್ತಿರ ತಪ್ಪಾಯಿತು ಎಂದ. ಅಷ್ಟರಿಂದ ಅವನ ಮನಸ್ಸು ಶುದ್ಧವಾಯಿತು ಎಂದುಕೊಳ್ಳಬೇಡಿ. ಮರುಗಳಿಗೆಯೇ ಬಿಸಿನೀರಪ್ಪನ ಕಿವಿಯ ಹತ್ತಿರ ಬಂದು, ಫ್ಲಾಸ್ಕಿನಲ್ಲಿ ಇನ್ನೂ ನೀರು ಉಳಿದಿದೆಯೇ, ತನಗೆ ಹೆಚ್ಚು ಬೇಡ, ಎರಡು ಕುದುರೆಗೆ ಆಗುವಷ್ಟು, ಒಂದು ಲೋಟ ಸಾಕು ಎಂದು ವಿಚಾರಿಸಿದ.

ಈ ಗದ್ದಲದಲ್ಲಿ ಬಾಮೈದ ತನ್ನ ಕಾರಿನೊಳಗೆ ಚಾಲಕನ ಪಕ್ಕದ ಸೀಟಿನಲ್ಲಿ ಕೂತು ಗಾಜು ಏರಿಸಿಕೊಂಡಿದ್ದ. ಇಡೀ ಊರಿನ ಎದುರು ಹದಿನಾರು ಕುದುರೆ ಕಳೆದುಕೊಂಡವನ ಮುಖ ನೋಡಲಾಗುತ್ತಿರಲಿಲ್ಲ. ಅತ್ತೆ ಅಳಿಯನನ್ನು ನೋಡಿ, "ಅಳಿಯಂದ್ರೇ, ನೀವು ಸ್ವಲ್ಪ ಮರೆವಿನವರು ಅಂತ ಗೊತ್ತಿತ್ತು. ಇವತ್ತೇ ಇಷ್ಟು ನೆನಪು ಬರ್ಬೇಕಿತ್ತಾ?" ಎಂದರು. ಬಾಮೈದನನ್ನು ನೋಡಿ ಬಿಸಿನೀರಪ್ಪನಿಗೆ ನಿಜಕ್ಕೂ ಸಂಕಟವಾಯಿತು.

ಅಕ್ಕ ಹೋಗಿ ಗಾಜು ತಟ್ಟಿದರು. ಬಾನೆಟ್ ತೆಗೆಯಿರಿ ಎಂದರು, ಅಷ್ಟೇ. ಮುಂದಿನ ನಾಲ್ಕು ಗಂಟೆ ಶೆಡ್ಡಿನಲ್ಲಿ ನಡೆದದ್ದನ್ನು ಬಿಸಿನೀರಪ್ಪ ಇಂದಿಗೂ ಗಿರಾಕಿಗಳನ್ನು ಕೂರಿಸಿಕೊಂಡು ಹೇಳುತ್ತಾನೆ. ಆಕೆ ಎಂಜಿನ್ನಿಗೆ ಒಂದು ತಾಮ್ರದ ಕೊಳವೆ ಬಿಗಿದು, ಅದರ ರಬ್ಬರು ತುದಿಯನ್ನು ಕಿವಿಗೆ ಸೇರಿಸಿಕೊಂಡು, ಡಾಕ್ಟರು ಎದೆ ಪರೀಕ್ಷಿಸುವ ಹಾಗೆ ಕೇಳುತ್ತ ಕೂತರು. ಟರ್ಬೊದ ಒಂದು ರಬ್ಬರ್ ಪೈಪಿನ ಬಿಗಿಪಟ್ಟಿ ಸಡಿಲವಾಗಿ ಗಾಳಿ ಸೋರುತ್ತಿದ್ದದ್ದು ಆ ಅಬ್ಬರದ ನಡುವೆ ಆಕೆಗೆ ಕೇಳಿಸಿತು. ಹೆಚ್ಚು ಪೆಟ್ರೋಲು ಕುಡಿಸಿದರೆ ಹೆಚ್ಚು ಬಲ ಎಂದು ಬಾಮೈದ ಕುಡಿಸಿದ್ದೂ ಕುಡಿಸಿದ್ದೇ. ಅರ್ಧಕ್ಕರ್ಧ ಹೊಗೆಯಾಗಿ ಹೋಗುತ್ತಿತ್ತು. ಅದನ್ನು ಚೂರು ಚೂರೇ ಕಡಿಮೆ ಮಾಡಿದರು. ಕಿಡಿ ಹಾರುವ ಹೊತ್ತನ್ನು ಒಂದು ಕೂದಲಷ್ಟು ಮುಂದೆ ತಂದರು, ಓಡಿಸಿದರು, ಕೇಳಿದರು, ಮತ್ತೆ ಅರ್ಧ ಕೂದಲು ಹಿಂದೆ ಸರಿಸಿದರು. ಮೂಲೆ ಕೂಡಿಸುವಾಗ ತನ್ನ ಕೈ ಹೀಗೇ ಇರುತ್ತದೆ ಎಂದು ಬಿಸಿನೀರಪ್ಪನಿಗೆ ತಿಳಿಯಿತು. ಅವನು ಉಸಿರು ಬಿಗಿಹಿಡಿದು ನೋಡಿದ. ನೂರ ತೊಂಬತ್ತೊಂದು. ನೂರ ತೊಂಬತ್ತೈದು. ಬಾಮೈದ ಗಾಜು ಇಳಿಸಿದ್ದ, ಆಮೇಲೆ ಕಾರಿನಿಂದಲೇ ಇಳಿದು ಬಂದಿದ್ದ.

ಕೊನೆಯ ಓಟಕ್ಕೆ ಗೆರೆ ಏರಿತು, ಏರಿತು, ನಿಂತಿತು. ನೂರ ತೊಂಬತ್ತೊಂಬತ್ತು.

ಅಲ್ಲಿ ಎದ್ದ ನಿಟ್ಟುಸಿರಿಗೇ ಒಂದು ಟರ್ಬೊ ತಿರುಗಬಹುದಿತ್ತು. ಒಂದೇ ಒಂದು ಕುದುರೆ, ಕುಂಟುಕುದುರೆಯಾದರೂ ಸೇರಿಸಿ ಎಂದು ಅತ್ತೆ ಬೇಡಿದರು. ನಿಯಮದಲ್ಲಿ ಸುಮಾರು ಎಂಬ ಪದ ಸೇರಿಸಲು ತಕರಾರಿಲ್ಲ ಎಂದು ಡಾಕ್ಟರು ಗಂಟಲು ಸರಿಮಾಡಿಕೊಂಡರು. ಬೇಕರಿಯವನು, ತನ್ನನ್ನು ಹಿಂದೆ ಹಾಕಿದವನ ಪರವಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಮಾತಾಡಿದ. ಅಕ್ಕ ಬಾಮೈದನ ಕಡೆ ಮಾತ್ರ ನೋಡಿದರು.

"ಇನ್ನೊಂದು ಹಿಂಡಿದ್ರೆ ಬರುತ್ತೆ. ಆದ್ರೆ ಎಂಜಿನ್ ಒಳಗೇ ಕುಟ್ಟೋಕೆ ಶುರು ಮಾಡುತ್ತೆ, ಬಹಳ ದಿನ ಬಾಳಲ್ಲ. ಇದರಲ್ಲಿ ನಿಮ್ಮಮ್ಮ ತರಕಾರಿಗೆ ಹೋಗ್ತಾರೆ. ಏನ್ ಮಾಡ್ಲಿ ಹೇಳಿ."

ಬಾಮೈದ ಹತ್ತನೆಯ ಕುರ್ಚಿಯನ್ನು ನೆನೆದನೋ, ತಾಯಿಯನ್ನು ನೋಡಿದನೋ, ಯಾರಿಗೂ ಗೊತ್ತಿಲ್ಲ.

"ಅಚ್ಚು ಹಾಕಿ ಅಕ್ಕ," ಎಂದ. "ಕೆಳಗಿನ ಸಾಲೂ ಸೇರಿ."

ಕೇಕು ಹೇಗೂ ಬಂದಿತ್ತು, ಬಳಗಕ್ಕೆ ಸೇರದಿದ್ದರೂ ತಿಂದರು. ಬಾಮೈದ ಭಾವನೊಡನೆ ಒಂದು ವಾರ ಮಾತು ಬಿಟ್ಟ. ಆಮೇಲೆ ಒಂದು ದಿನ ಅಂಗಡಿಗೆ ಬಂದು, ಕಾರಿನ ಹಿಂದಿನ ಗಾಜಿಗೆ ಅಂಟಿಸಲು ಮೂರು ಅಂಕಿ ಕತ್ತರಿಸಿಕೊಡಿ ಎಂದು ಗೋಡೆಯ ಕಡೆ ನೋಡುತ್ತ ಕೇಳಿದ. ಬಿಸಿನೀರಪ್ಪ ಅಂಚು ಸಮ ನೋಡಿ ನೋಡಿ ಕತ್ತರಿಸಿದ. ಒಂದು, ಒಂಬತ್ತು, ಒಂಬತ್ತು.

ಅಂಟಿಸಿದ ಮೇಲೆ ಇಬ್ಬರೂ ಅದೇ ಕಾರಿನಲ್ಲಿ ಪೆಟ್ರೋ‌ಲ್ ಬಂಕಿಗೆ ಹೋದರು. ಜನ ನಗುತ್ತಾರೆ ಎಂಬ ಅಳುಕಿನಲ್ಲಿ ಬಾಮೈದ ಕೆಳಗಿಳಿಯಲಿಲ್ಲ. ಪೆಟ್ರೋಲು ಹಾಕುವ ಅಪರಿಚಿತ ಮುದುಕ ಕಾರನ್ನು ಒಂದು ಸುತ್ತು ಬಂದು, ಹಿಂದಿನ ಗಾಜಿನ ಎದುರು ನಿಂತು ಓದಿದ. ಆಮೇಲೆ ಕಿಟಕಿಯ ಹತ್ತಿರ ಬಂದ.

"ಇನ್ನೂರು, ಇನ್ನೂರೈವತ್ತು ಅಂತ ಬರ್ಕೊಂಡು ದಿನಾ ಹತ್ತು ಬರ್ತವೆ ಸ್ವಾಮಿ, ನಾನು ಒಂದನ್ನೂ ನಂಬಿಲ್ಲ. ಇದು ಮಾತ್ರ ನಿಜ. ಸುಳ್ಳು ಹೇಳೋನು ಯಾವನಾದ್ರೂ ನೂರ ತೊಂಬತ್ತೊಂಬತ್ತು ಅಂತ ಹೇಳ್ತಾನಾ?"

ಬಾಮೈದ ಸೀಟಿನಲ್ಲಿ ನೆಟ್ಟಗೆ ಕೂತ. ಗಾಜನ್ನು ಇನ್ನಷ್ಟು ಇಳಿಸಿದ.

"ಇನ್ನೊಂದ್ಸಲ ಹೇಳಿ," ಎಂದ. "ನಮ್ಮ ಭಾವನಿಗೆ ಕೇಳಿಸ್ಲಿಲ್ಲ."